ಇಟ್ಟಿಗೆ ಗೋಡೆಗೆ ಬಣ್ಣ: ಒಣಗಿಸುವುದೇ ಮುಕ್ಕಾಲು ಕೆಲಸ

“ಹಾಲ್‌ನ ಇಟ್ಟಿಗೆ ಗೋಡೆಗೆ ಬಿಳಿ ಪೇಂಟ್ ಹೊಡೆಸಿದೆವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಕ್ಕಳೆ ಎದ್ದು ಉದುರುತ್ತಿದೆ. ಯಾವ ಕಂಪನಿಯದು ತರಬೇಕಿತ್ತು?”

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ತಪ್ಪು ಸಾಮಾನ್ಯವಾಗಿ ಕಂಪನಿಯದಲ್ಲ, ಗೋಡೆಯೊಳಗೆ ಉಳಿದುಹೋದ ನೀರಿನದು. ಇಟ್ಟಿಗೆ ನೀರು ಕುಡಿಯುವ ವಸ್ತು. ಸಾಮಾನ್ಯ ಸುಟ್ಟ ಇಟ್ಟಿಗೆ ತನ್ನ ತೂಕದ ಶೇ. 20ರವರೆಗೆ ನೀರು ಹೀರಿದರೂ ಭಾರತೀಯ ಮಾನಕದ ಪ್ರಕಾರ ಅದು ಒಳ್ಳೆಯ ಇಟ್ಟಿಗೆಯೇ. ಲೆಕ್ಕ ಹಾಕಿ: 3 ಕಿಲೋ ತೂಗುವ ಒಂದು ಇಟ್ಟಿಗೆಯಲ್ಲಿ ಅರ್ಧ ಲೀಟರಿಗೂ ಹೆಚ್ಚು ನೀರು ಅಡಗಿ ಕೂರಬಹುದು. ಗಿಲಾವು ಇಲ್ಲದ ಗೋಡೆಯಲ್ಲಿ ಆ ನೀರು ಮೈಯಿಂದಲೇ ಆರಿಹೋಗುತ್ತಿರುತ್ತದೆ. ನೀವು ಅದರ ಮೇಲೆ ಬಣ್ಣದ ಪೊರೆ ಎಳೆದರೆ ನೀರಿಗೆ ದಾರಿ ಇಲ್ಲ. ಪೊರೆಯನ್ನು ತಳ್ಳಿಕೊಂಡೇ ಹೊರಬರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಬಣ್ಣದ ಡಬ್ಬಿ ತೆರೆಯುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ದಾರಿ ಮುಗಿದಿರುತ್ತದೆ.

ಮೊದಲು ನಿಮ್ಮ ಗೋಡೆ ಯಾವುದು ನೋಡಿ

ಇಟ್ಟಿಗೆಯಂತೆ ಕಾಣುವುದೆಲ್ಲ ಇಟ್ಟಿಗೆಯಲ್ಲ, ಇಟ್ಟಿಗೆಗಳೂ ಎಲ್ಲ ಒಂದೇ ಅಲ್ಲ.

ಕೈ ಅಚ್ಚಿನ ಇಟ್ಟಿಗೆ ಅಥವಾ ಟೇಬಲ್ ಮೋಲ್ಡ್ ಇಟ್ಟಿಗೆಯ ಮೈ ಒರಟು. ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಹಾಗೆಯೇ ಬಣ್ಣವನ್ನು ಧಾರಾಳವಾಗಿ ಕುಡಿಯುತ್ತದೆ. ವೈರ್ ಕಟ್ ಇಟ್ಟಿಗೆಯನ್ನು ಯಂತ್ರದಲ್ಲಿ ಒತ್ತಿ, ತಂತಿಯಿಂದ ಕತ್ತರಿಸಿ, ಸುಟ್ಟಿರುತ್ತಾರೆ. ಅದರ ಮೈ ನುಣುಪು, ಅಂಚು ಚೂಪು. ಕಡಿಮೆ ಬಣ್ಣ ಸಾಕು. ಆದರೆ ಪ್ರೈಮರ್, ಅಂದರೆ ಬಣ್ಣಕ್ಕೂ ಮೊದಲು ಬಳಿಯುವ ತಳಕೋಟ್, ಇಲ್ಲದೆ ಬಳಿದರೆ ಉಗುರಿನಿಂದ ಕೆರೆದರೂ ಕಿತ್ತು ಬರುತ್ತದೆ.

ಬೆಂಗಳೂರು ಮತ್ತು ಸುತ್ತಮುತ್ತ ಹಲವು ಮನೆಗಳಲ್ಲಿ ಇರುವುದು ಸುಡದ ಮಣ್ಣಿನ ಬ್ಲಾಕ್: ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ್ದು. ಇದಕ್ಕೆ ಆಸಿಡ್ ತೋರಿಸಲೇಬಾರದು, ಪೈಪಿನ ನೀರನ್ನೂ ಹೊಡೆಯಬಾರದು. ಮೈ ಕರಗಿ ಕೆಸರಿಳಿಯುತ್ತದೆ. ಒಣ ಬ್ರಷ್, ಒದ್ದೆ ಬಟ್ಟೆ, ಅಷ್ಟೇ. ಕರಾವಳಿ ಮತ್ತು ಮಲೆನಾಡಿನ ಕೆಂಪುಕಲ್ಲಿನ ಗೋಡೆಗೂ ಆಸಿಡ್ ಬೇಡ. ಅದರಲ್ಲಿ ಕಬ್ಬಿಣದ ಅಂಶ ಹೆಚ್ಚಿರುವುದರಿಂದ ಹಳದಿ ಕಲೆ ಎದ್ದು ನಿಲ್ಲುತ್ತದೆ. ಇನ್ನು ಗಿಲಾವಿನ ಮೇಲೆ ಅಂಟಿಸಿದ ಇಟ್ಟಿಗೆ ಟೈಲ್ಸ್ ಆಗಿದ್ದರೆ ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಟೈಲ್ಸನ್ನು ಮೊದಲು ಮತ್ತೆ ಅಂಟಿಸಬೇಕು. ಬಣ್ಣ ಆಮೇಲಿನ ಮಾತು.

ಇನ್ನೊಂದು ಪರೀಕ್ಷೆ ಒಂದು ನಿಮಿಷದ್ದು. ಗೋಡೆಯ ನಾಲ್ಕೈದು ಕಡೆ ನೀರಿನ ಹನಿ ಚಿಮುಕಿಸಿ. ಕ್ಷಣಗಳಲ್ಲಿ ಹೀರಿ ಕಪ್ಪಾದರೆ ಬರಿಯ ಇಟ್ಟಿಗೆ. ಹನಿ ಮುತ್ತಿನಂತೆ ನಿಂತು ಜಾರಿದರೆ ಹಿಂದೆ ಯಾರೋ ಸೀಲರ್ ಬಳಿದಿದ್ದಾರೆ, ಅಂದರೆ ನೀರು ಹೀರದಂತೆ ತಡೆಯುವ ಪಾರದರ್ಶಕ ಲೇಪ. ಅಂಥ ಗೋಡೆಗೆ ಸುಣ್ಣವಾಗಲಿ ನೀರು ಬೆರೆಸಿದ ತೆಳುಬಣ್ಣವಾಗಲಿ ಹಿಡಿಯುವುದಿಲ್ಲ.

ಬಳಿಯಲೇಬೇಕೆ, ಬಳಿದರೆ ಏನು?

ಪೂರ್ತಿ ಬಣ್ಣ ಬಳಿದ ಇಟ್ಟಿಗೆಯನ್ನು ಮತ್ತೆ ಮೊದಲಿನಂತೆ ಮಾಡಲು ಬರುವುದಿಲ್ಲ. ರಂಧ್ರಗಳಿಗೆ ಇಳಿದ ಬಣ್ಣ ಅಲ್ಲೇ ಉಳಿಯುತ್ತದೆ. ಹಾಗಾಗಿ ಬದಲಾಯಿಸಿಕೊಳ್ಳಲು ಅವಕಾಶ ಇರುವ ಕ್ರಮದಲ್ಲಿ ಯೋಚಿಸಿ.

ಗೋಡೆ ಚೆನ್ನಾಗಿದೆ, ಕೆಂಪು ಧೂಳು ಕೈಗೆ ಹತ್ತುತ್ತದೆ ಎಂಬುದಷ್ಟೇ ತೊಂದರೆಯಾದರೆ ಹೊಳಪಿಲ್ಲದ ನೀರಿನ ಸೀಲರ್ ಸಾಕು. ಕೋಣೆ ಕತ್ತಲೆಯಾಗಿದೆ, ಇಟ್ಟಿಗೆಯ ಗುಣವೂ ಉಳಿಯಬೇಕು ಎಂದರೆ ಸುಣ್ಣ ಅಥವಾ ನೀರು ಬೆರೆಸಿದ ತೆಳುಬಣ್ಣ. ಇಟ್ಟಿಗೆಗಳು ಅಂದಗೆಟ್ಟಿವೆ, ಪೈಪು, ವೈರಿಂಗ್‌ಗೆ ಕೊರೆದ ಗಾಯ ಕಾಣುತ್ತಿದೆ ಎಂದರೆ ಮಾತ್ರ ಪೂರ್ತಿ ಎಮಲ್ಷನ್. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣಕ್ಕೆ ಎಮಲ್ಷನ್ ಎನ್ನುತ್ತಾರೆ.

ಕಿಟಕಿ ಬಾಗಿಲಿಗೆ ಬಳಿಯುವ ಎಣ್ಣೆ ಬಣ್ಣವನ್ನು, ಅಂದರೆ ಎನಾಮಲ್ಲನ್ನು, ಇಟ್ಟಿಗೆಗೆ ಹಾಕಬೇಡಿ. “ತೊಳೆಯಬಹುದು ಸಾರ್, ಗಟ್ಟಿ” ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಗಟ್ಟಿಯೇನೋ ಹೌದು, ಆದರೆ ಅದು ಆವಿಯನ್ನು ಬಿಡುವುದಿಲ್ಲ. ಸಾಲದ್ದಕ್ಕೆ ಸಿಮೆಂಟ್ ಗಾರೆಯ ಕ್ಷಾರ ಎಣ್ಣೆಯನ್ನು ಸಾಬೂನಾಗಿಸುತ್ತದೆ. ಸಂದುಗಳ ಉದ್ದಕ್ಕೂ ಬಣ್ಣ ಅಂಟಂಟಾಗಿ ಕಿತ್ತುಬರುತ್ತದೆ. ವಾಲ್ ಪುಟ್ಟಿಯೂ ಬೇಡ. ಇಟ್ಟಿಗೆಯ ಮೈಯೇ ಕಾಣಬಾರದು ಎಂದಿದ್ದರೆ ಗಿಲಾವು ಮಾಡಿಸುವುದೇ ಸರಿ.

ಸಾಮಾನು: 10 ಅಡಿ × 10 ಅಡಿ ಗೋಡೆಯ ಲೆಕ್ಕ

ಡಬ್ಬಿಯ ಮೇಲೆ ಲೀಟರಿಗೆ ಇಷ್ಟು ಚದರಡಿ ಎಂದು ಬರೆದಿರುವುದು ಪುಟ್ಟಿ ಹಚ್ಚಿ ನುಣುಪು ಮಾಡಿದ ಗೋಡೆಗೆ. ಒರಟು ಇಟ್ಟಿಗೆಯ ಮೊದಲ ಕೋಟಿಗೆ ಅದರ ಅರ್ಧ ಎಂದೇ ಹಿಡಿಯಿರಿ. 100 ಚದರಡಿಗೆ ಪ್ರೈಮರ್ 2 ಲೀಟರ್, ಎರಡು ಕೋಟ್ ಎಮಲ್ಷನ್ 3 ಲೀಟರ್. ವೈರ್ ಕಟ್ ಇಟ್ಟಿಗೆಯಾದರೆ ಮೂರನೇ ಒಂದರಷ್ಟು ಉಳಿದೀತು. ಎಲ್ಲ ಬಣ್ಣವನ್ನೂ ಒಂದೇ ಸಲ ಕಲಸಿಸಿ ತನ್ನಿ. ಅರ್ಧ ಗೋಡೆಗೆ ಸಾಲದೆ ಮತ್ತೆ ತಂದ ಡಬ್ಬಿಯ ಛಾಯೆ ಒಂದಿಷ್ಟಾದರೂ ಬೇರೆ ಇರುತ್ತದೆ.

ಉಜ್ಜಲು ಗಟ್ಟಿ ನೈಲಾನ್ ಬ್ರಷ್ ಎರಡು. ಬಣ್ಣ ಬಳಿಯಲು ಸಂದುಗಳಿಗೆ 1 ಇಂಚಿನ ಓರೆ ಬ್ರಷ್, ಮೈಗೆ 4 ಇಂಚಿನದು. ರೋಲರ್ ತರುವಾಗ ನೂಲಿನ ಉದ್ದ 18ರಿಂದ 20 ಮಿ.ಮೀ. ಇರುವುದನ್ನೇ ಕೇಳಿ. ಸಾಮಾನ್ಯವಾಗಿ ಸಿಗುವ ಗಿಡ್ಡ ನೂಲಿನ ರೋಲರ್ ಇಟ್ಟಿಗೆಯ ಉಬ್ಬುಗಳ ಮೇಲಷ್ಟೇ ಓಡುತ್ತದೆ, ತಗ್ಗುಗಳು ಕೆಂಪಾಗಿಯೇ ಉಳಿಯುತ್ತವೆ. ಗಿಡಕ್ಕೆ ನೀರು ಹೊಡೆಯುವ ಸ್ಪ್ರೇ ಬಾಟಲಿ, ಮಾಸ್ಕಿಂಗ್ ಟೇಪ್, ನೆಲಕ್ಕೆ ಹಳೇ ಬೆಡ್‌ಶೀಟ್, ದಪ್ಪ ಪಾಲಿಥೀನ್ ಹಾಳೆ, ಎನ್-95 ಮಾಸ್ಕ್, ಕನ್ನಡಕ, ರಬ್ಬರ್ ಕೈಗವಸು. ಮಾಸ್ಕ್ ಶೋಕಿಗಲ್ಲ. ಇಟ್ಟಿಗೆ ಮತ್ತು ಗಾರೆ ಕೆರೆದಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ.

ಕಾಲವನ್ನೂ ಸಾಮಾನಿನ ಪಟ್ಟಿಗೇ ಸೇರಿಸಿ. ಬೆಂಗಳೂರು, ಮೈಸೂರಿನ ಕಡೆ ಜನವರಿಯಿಂದ ಮಾರ್ಚ್ ಒಳ್ಳೆಯದು. ಸೆಪ್ಟೆಂಬರ್, ಅಕ್ಟೋಬರ್ ಬೇಡವೇ ಬೇಡ. ಕರಾವಳಿಯಲ್ಲಿ ಮಳೆ ನಿಂತ ಮೇಲೂ ಗೋಡೆ ಆರಲು ಒಂದೆರಡು ತಿಂಗಳು ಬಿಡಿ, ಡಿಸೆಂಬರ್ ನಂತರ ಶುರು ಮಾಡಿ. ದೀಪಾವಳಿಗೆ ಬಣ್ಣ ಮುಗಿಯಬೇಕೆಂಬ ಆಸೆಗೂ ಇಟ್ಟಿಗೆ ಗೋಡೆಗೂ ಆಗಿಬರುವುದಿಲ್ಲ.

1. ತೇವ ಎಲ್ಲಿಂದ ಬರುತ್ತಿದೆ ಪತ್ತೆ ಮಾಡಿ

ಒಂದೂವರೆ ಅಡಿ ಚೌಕದ ಪಾಲಿಥೀನ್ ಹಾಳೆಯನ್ನು ಗೋಡೆಗೆ ಹಿಡಿದು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಹಾಕಿ. ನೆಲದಿಂದ ಅರ್ಧ ಅಡಿ ಮೇಲೆ ಒಂದು, ಎದೆಯೆತ್ತರದಲ್ಲಿ ಒಂದು, ಕಿಟಕಿಯ ಕೆಳಗೊಂದು. 24 ಗಂಟೆ ಬಿಡಿ, ಆಮೇಲೆ ನೋಡಿ.

ಹಾಳೆಯ ಒಳಬದಿಯಲ್ಲಿ, ಅಂದರೆ ಗೋಡೆಯ ಕಡೆ, ಮಂಜು ಕಟ್ಟಿದ್ದರೆ ತೇವ ಗೋಡೆಯಲ್ಲೇ ಇದೆ. ಹೊರಬದಿಯಲ್ಲಿ ಕಟ್ಟಿದ್ದರೆ ಕೋಣೆಯ ಗಾಳಿಯಲ್ಲಿದೆ. ಕಿಟಕಿ ತೆರೆದು ಫ್ಯಾನ್ ಹಾಕಿದರೆ ಆಯಿತು.

ಗೋಡೆಯಲ್ಲೇ ಇದ್ದರೆ ಎತ್ತರ ಕಾರಣ ಹೇಳುತ್ತದೆ. ನೆಲದಿಂದ ಎರಡು ಮೂರು ಅಡಿವರೆಗೆ ಮಾತ್ರ ಒದ್ದೆ ಇದ್ದು ಮೇಲೆ ಒಣಗಿದ್ದರೆ ನೆಲದ ನೀರು ಇಟ್ಟಿಗೆಯಲ್ಲಿ ಮೇಲೇರುತ್ತಿದೆ. ತಳಪಾಯದ ಮೇಲೆ ತೇವ ತಡೆಯುವ ಪದರ, ಮೇಸ್ತ್ರಿಗಳು ಡಿಪಿಸಿ ಎನ್ನುವುದು, ಇಲ್ಲ ಅಥವಾ ಒಡೆದಿದೆ ಎಂದರ್ಥ. ಕಿಟಕಿಯ ಕೆಳಗೆ ಮಾತ್ರ ಇದ್ದರೆ ಸಿಲ್, ಅಂದರೆ ಕಿಟಕಿಯ ತಳದ ಹಾಸು, ಅದರ ಬಳಿ ಸಂದು ಬಿಟ್ಟಿದೆ. ಹಿಂದುಗಡೆ ಬಚ್ಚಲಮನೆ ಇದ್ದು ಅಲ್ಲಲ್ಲಿ ಮಚ್ಚೆಯಂತೆ ಇದ್ದರೆ ಪೈಪು ಸೋರುತ್ತಿದೆ. ಹೊರಗೋಡೆ ಪೂರ್ತಿ ಥಂಡಿ ಇದ್ದರೆ ಹೊರಗಿನಿಂದ ಮಳೆ ಕುಡಿಯುತ್ತಿದೆ. ಹೊರಮೈಗೆ ನೀರು ತಡೆಯುವ ಲೇಪ ಹಾಕಬೇಕು, ಒಳಮೈಗಲ್ಲ.

ಇಲ್ಲಿ ಎಲ್ಲರೂ ಮಾಡುವ ತಪ್ಪು: ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಬಳಿದು ನೀರನ್ನು ತಡೆಯಲು ಹೋಗುವುದು. ನೀರು ನಿಲ್ಲುವುದಿಲ್ಲ; ಮೇಲೇರಿ, ಬಣ್ಣ ಮುಗಿದ ಜಾಗದಲ್ಲಿ ಅಥವಾ ಪಕ್ಕದ ಗಿಲಾವಿನ ಗೋಡೆಯಲ್ಲಿ ಕಾಣಿಸಿಕೊಳ್ಳುತ್ತದೆ. ಕಾರಣ ಸರಿಯಾಗುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಡಿಪಿಸಿ ಇಲ್ಲದ ಹಳೇ ಮನೆಯಲ್ಲಿ ಅದನ್ನು ಸರಿಪಡಿಸಲು ಆಗದಿದ್ದರೆ ಸುಣ್ಣವೊಂದೇ ದಾರಿ, ಅದರ ವಿವರ ಕೆಳಗಿದೆ.

ಹೊಸ ಗೋಡೆಗೆ ಈ ಪರೀಕ್ಷೆಯ ಜೊತೆ ಕಾಯುವಿಕೆಯೂ ಬೇಕು. ಗಾರೆ ಬಲಿಯಲು 28 ದಿನ, ಕಟ್ಟುವಾಗ ಇಟ್ಟಿಗೆ ಕುಡಿದ ನೀರು ಆರಲು ಇನ್ನೂ ಎರಡು ತಿಂಗಳು. ಗೃಹಪ್ರವೇಶದ ದಿನ ಗೋಡೆ ಬರಿದಾಗಿದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

2. ಬಿಳಿ ಉಪ್ಪು ತೆಗೆಯಿರಿ

ಇಟ್ಟಿಗೆಯ ಮೇಲೆ ಬೂದಿ ಉದುರಿಸಿದಂತೆ ಕಾಣುವ ಬಿಳಿಪುಡಿ ಬೂಷ್ಟಲ್ಲ, ಉಪ್ಪು. ಮಣ್ಣಿನಲ್ಲಿ, ಮರಳಿನಲ್ಲಿ, ಸಿಮೆಂಟಿನಲ್ಲಿ, ಕಟ್ಟುವಾಗ ಬಳಸಿದ ಬೋರ್‌ವೆಲ್ ನೀರಿನಲ್ಲಿ ಇದ್ದ ಲವಣಗಳು ನೀರಿನೊಂದಿಗೆ ಮೈಗೆ ಬರುತ್ತವೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಬಣ್ಣದ ಹಿಂದೆ ಈ ಹರಳು ಬೆಳೆದರೆ ಪೊರೆಯನ್ನು ಎತ್ತಿ ಎಸೆಯುವಷ್ಟು ಶಕ್ತಿ ಅದಕ್ಕಿದೆ.

ಮೊದಲು ನೀರು ಮುಟ್ಟಿಸಬೇಡಿ. ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಇಟ್ಟಿಗೆಯೊಳಗೇ ಹೋಗುತ್ತದೆ. ಗೋಡೆ ಚೊಕ್ಕಟವಾದಂತೆ ಕಾಣುತ್ತದೆ, ವಾರದಲ್ಲಿ ಮತ್ತೆ ಬೆಳ್ಳಗೆ. ಒಣ ನೈಲಾನ್ ಬ್ರಷ್‌ನಿಂದ ಮೇಲಿನಿಂದ ಕೆಳಗೆ ಉಜ್ಜಿ, ಬಿದ್ದ ಪುಡಿಯನ್ನು ಗುಡಿಸಿ ಮನೆಯಿಂದ ಹೊರಗೆ ಹಾಕಿ. ತಂತಿ ಬ್ರಷ್ ಬೇಡ. ಮುರಿದ ತಂತಿಯ ಚೂರುಗಳು ರಂಧ್ರದಲ್ಲಿ ಉಳಿದು ತುಕ್ಕು ಹಿಡಿದು ಬಿಳಿ ಬಣ್ಣದ ಮೇಲೆ ಕಂದು ಚುಕ್ಕಿ ಎಬ್ಬಿಸುತ್ತವೆ.

ಹತ್ತು ದಿನ ಬಿಟ್ಟು ನೋಡಿ. ಮತ್ತೆ ಬಂದರೆ ಮತ್ತೆ ಒಣ ಬ್ರಷ್. ಪ್ರತಿ ಸಲವೂ ಕಡಿಮೆಯಾಗುತ್ತಾ ಬಂದರೆ ಗೋಡೆ ಆರುತ್ತಿದೆ. ಅಷ್ಟೇ ಬರುತ್ತಿದ್ದರೆ ನೀರು ಇನ್ನೂ ಎಲ್ಲಿಂದಲೋ ಸೇರುತ್ತಿದೆ. ಮೊದಲ ಹಂತಕ್ಕೆ ಹಿಂತಿರುಗಿ.

ಬ್ರಷ್‌ಗೆ ಬಗ್ಗದ, ಗಟ್ಟಿ ಹೊಪ್ಪಳೆಯಂಥ ಬಿಳಿ ಪದರ ಬೇರೆ ಜಾತಿ. ಅದು ಗಾರೆಯಿಂದ ಇಳಿದ ಸುಣ್ಣ ಗಾಳಿಯಲ್ಲಿ ಕಲ್ಲಾದದ್ದು, ನೀರಿಗೂ ಕರಗುವುದಿಲ್ಲ. ಬಿಳಿ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ಹಚ್ಚಿ, ನೊರೆ ನಿಂತ ಮೇಲೆ ಉಜ್ಜಿ ತೊಳೆಯಿರಿ. ಅದಕ್ಕೂ ಹೋಗದಿದ್ದರೆ ಮಾತ್ರ ಮುಂದಿನ ಹಂತದಲ್ಲಿ ಹೇಳಿರುವ ಆಸಿಡ್.

3. ತೊಳೆಯುವುದು

ಆ ಗೋಡೆಯ ಸ್ವಿಚ್‌ಗಳ ಎಂಸಿಬಿ ಇಳಿಸಿ, ಬೋರ್ಡಿನ ಮೇಲೆ ಪಾಲಿಥೀನ್ ಸುತ್ತಿ. ಜೇಡರ ಬಲೆ, ಸಡಿಲ ಗಾರೆ, ಕಣಜದ ಮಣ್ಣುಗೂಡು ಎಲ್ಲ ಒಣಗಿದ್ದಾಗಲೇ ತೆಗೆಯಿರಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಸಂದು ಸಂದಿಗೂ ಹಿಡಿಯಿರಿ.

ಸಾಮಾನ್ಯ ಕೊಳೆಗೆ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಅಡುಗೆಮನೆಯ ಎಣ್ಣೆಜಿಡ್ಡಿಗೂ ಅದೇ, ಎರಡು ಸಲ. ವಾಷಿಂಗ್ ಸೋಡಾ ಹಾಕಿ ತೊಳೆಯಲು ಹಲವರು ಹೇಳುತ್ತಾರೆ. ಗಿಲಾವಿನ ಗೋಡೆಗೆ ಸರಿ, ಇಟ್ಟಿಗೆಗೆ ಬೇಡ. ಸೋಡಾ ಕೂಡ ಲವಣವೇ, ಇಟ್ಟಿಗೆ ಅದನ್ನೂ ಕುಡಿದು ಮುಂದೆ ಬಿಳಿಪುಡಿಯಾಗಿ ಹೊರಹಾಕುತ್ತದೆ. ಕೊನೆಯ ತೊಳೆತಕ್ಕೆ ಬೋರ್‌ವೆಲ್‌ನ ಗಡಸು ನೀರಿನ ಬದಲು ನಲ್ಲಿಯ ನದಿ ನೀರೋ ಹಿಡಿದಿಟ್ಟ ಮಳೆನೀರೋ ಆದರೆ ಒಳ್ಳೆಯದು. ಪೈಪ್ ಹಿಡಿದು ಹೊಡೆಯಬೇಡಿ, ಸ್ಪಂಜು ಹಿಂಡಿ ಒರೆಸಿ. ರ‍್ಯಾಟ್ ಟ್ರ್ಯಾಪ್ ಗೋಡೆಯಾದರೆ, ಅಂದರೆ ಇಟ್ಟಿಗೆಗಳನ್ನು ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಕಟ್ಟಿದ್ದಾದರೆ, ಇನ್ನೂ ಜಾಗ್ರತೆ. ಒಳಗೆ ಇಳಿದ ನೀರು ಆರಲು ವಾರಗಟ್ಟಲೆ ಬೇಕು.

ಕರಿ ಬೂಷ್ಟು, ಹಸಿರು ಪಾಚಿ ಇದ್ದರೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಹತ್ತು ಪಾಲು ನೀರು ಬೆರೆಸಿ ಹಚ್ಚಿ, 15 ನಿಮಿಷ ಬಿಟ್ಟು ಉಜ್ಜಿ ತೊಳೆಯಿರಿ.

ಸಿಮೆಂಟ್ ಕಲೆಗೆ ಮೇಸ್ತ್ರಿಗಳು ನೇರವಾಗಿ ಮ್ಯೂರಿಯಾಟಿಕ್ ಆಸಿಡ್, ಅಂದರೆ ಹೈಡ್ರೋಕ್ಲೋರಿಕ್ ಆಮ್ಲ, ತರುತ್ತಾರೆ. ಮೊದಲು ಉಳಿಯ ತುದಿಯಿಂದ, ಇಲ್ಲವೇ ಅಂಥದೇ ಇಟ್ಟಿಗೆಯ ಚೂರಿನಿಂದ ಉಜ್ಜಿ ಎಷ್ಟು ಹೋಗುತ್ತದೆ ನೋಡಿ, ಬಹುಪಾಲು ಹೋಗುತ್ತದೆ. ಉಳಿದದ್ದಕ್ಕೆ ಆಸಿಡ್ ಬಳಸಲೇಬೇಕೆಂದರೆ ಈ ಕ್ರಮ ತಪ್ಪಬಾರದು:

– ಪ್ಲಾಸ್ಟಿಕ್ ಬಕೆಟ್‌ನಲ್ಲಿ 10 ಪಾಲು ನೀರು ಮೊದಲು, ಅದಕ್ಕೆ 1 ಪಾಲು ಆಸಿಡ್ ನಿಧಾನವಾಗಿ. ಆಸಿಡ್‌ಗೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ.
– ಗೋಡೆಗೆ ಮೊದಲು ನೀರು ಚಿಮುಕಿಸಿ. ಒಣ ಇಟ್ಟಿಗೆ ಆಸಿಡ್ಡನ್ನೇ ಕುಡಿಯುತ್ತದೆ, ಆಮೇಲೆ ಅದನ್ನು ತೊಳೆದು ತೆಗೆಯಲಾಗುವುದಿಲ್ಲ.
– ಕಲೆಯ ಮೇಲೆ ಮಾತ್ರ, ಒಮ್ಮೆಗೆ ಎರಡು ಚದರಡಿ, ಎರಡು ಮೂರು ನಿಮಿಷ. ಹೆಚ್ಚು ಬಿಟ್ಟರೆ ಸಂದಿನ ಗಾರೆ ಕರಗುತ್ತದೆ, ಇಟ್ಟಿಗೆಯ ಕಬ್ಬಿಣ ಹಳದಿಯಾಗುತ್ತದೆ.
– ಕನಿಷ್ಠ ಮೂರು ಸಲ ಶುದ್ಧ ನೀರಿನಿಂದ ತೊಳೆಯಿರಿ.
– ಕಿಟಕಿಗಳು ತೆರೆದಿರಲಿ. ಬ್ಲೀಚ್ ಬಳಸಿದ ದಿನ ಆಸಿಡ್ ಮುಟ್ಟಲೇಬೇಡಿ. ಎರಡೂ ಬೆರೆತರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ವಿನಿಗರ್‌ಗೂ ಇದೇ ಮಾತು.

ಹಳೇ ಬಣ್ಣ ಇದ್ದರೆ ಸಡಿಲವಾದದ್ದನ್ನಷ್ಟೇ ಕೆರೆದು, ಗಟ್ಟಿಯಾಗಿ ಹಿಡಿದಿರುವುದನ್ನು ಬಿಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎಣ್ಣೆಬಣ್ಣವಾದರೆ ಒಣದಾಗಿ ಸ್ಯಾಂಡ್‌ಪೇಪರ್ ಹಾಕಬೇಡಿ, ನೀರು ಚಿಮುಕಿಸಿಕೊಂಡು ಕೆರೆಯಿರಿ. ಮಕ್ಕಳು, ಗರ್ಭಿಣಿಯರು ಆ ಕೋಣೆಗೆ ಬರಬಾರದು. ಗ್ರೈಂಡರ್‌ಗೆ ತಂತಿಚಕ್ರ ಹಾಕಿ ಅಥವಾ ಮರಳು ಊದಿಸಿ ಬಣ್ಣ ತೆಗೆಸುವವರಿದ್ದಾರೆ. ಬಣ್ಣದ ಜೊತೆಗೆ ಇಟ್ಟಿಗೆಯ ಬೆಂದ ಚರ್ಮವೂ ಹೋಗುತ್ತದೆ. ಒಳಗಿನದು ಮೃದು, ಇನ್ನಷ್ಟು ನೀರು ಕುಡಿಯುತ್ತದೆ, ಮುಟ್ಟಿದರೆ ಪುಡಿ.

4. ಸಂದುಗಳ ರಿಪೇರಿ

ಸಂದಿನ ಗಾರೆಯನ್ನು ಹಳೇ ಸ್ಕ್ರೂಡ್ರೈವರ್‌ನಿಂದ ಕೆರೆದು ನೋಡಿ. ಪುಡಿಯಾಗಿ ಉದುರುವ ಜಾಗವನ್ನು 15ರಿಂದ 20 ಮಿ.ಮೀ. ಆಳಕ್ಕೆ ಕೆರೆದು ತೆಗೆಯಿರಿ. ಮೇಲೆಮೇಲೆ ತೆಳ್ಳಗೆ ಸವರಿದ ಪಾಯಿಂಟಿಂಗ್, ಅಂದರೆ ಸಂದಿಗೆ ತುಂಬಿದ ಹೊಸ ಗಾರೆ, ಒಂದು ವರ್ಷಕ್ಕೆ ಹಾಳೆಯಂತೆ ಕಳಚಿ ಬೀಳುತ್ತದೆ. ಕೆರೆದ ಸಂದಿಗೆ ನೀರು ಚಿಮುಕಿಸಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಸಣ್ಣಗೆ ಜರಡಿ ಹಿಡಿದ ಮರಳಿನ ಗಾರೆಯನ್ನು ಕಿರಿದಾದ ಕರಣೆಯಿಂದ ಒತ್ತಿ ತುಂಬಿ. ಗಾರೆ ಗಟ್ಟಿ ಇರಲಿ, ಉಂಡೆ ಕಟ್ಟಿದರೆ ನಿಲ್ಲುವಷ್ಟು. ತೆಳುವಾದರೆ ಇಟ್ಟಿಗೆಯ ಮೈಮೇಲೆ ಇಳಿದು ಹೊಸ ಕಲೆ. ಏಳು ದಿನ ಬೆಳಿಗ್ಗೆ ಸಂಜೆ ಸ್ಪ್ರೇ ಬಾಟಲಿಯಿಂದ ಕ್ಯೂರಿಂಗ್.

ಸುಣ್ಣದ ಗಾರೆಯ ಹಳೇ ಮನೆಯಾದರೆ ಸಿಮೆಂಟ್ ತರಬೇಡಿ. ಕೆರೆದಾಗ ಬಿಳಿ ಸುಣ್ಣದ ಕಣಗಳು ಕಂಡು, ಗಾರೆ ಉಗುರಿಗೇ ಬಗ್ಗಿದರೆ ಅದು ಸುಣ್ಣದ್ದು. ಅಲ್ಲಿ ಒಂದು ಪಾಲು ಸುಣ್ಣ, ಮೂರು ಪಾಲು ಮರಳೇ ಸರಿ. ಗಾರೆ ಯಾವಾಗಲೂ ಇಟ್ಟಿಗೆಗಿಂತ ಮೃದುವಾಗಿರಬೇಕು. ಮೆತ್ತಗಿನ ಹಳೇ ಇಟ್ಟಿಗೆಯ ನಡುವೆ ಗಟ್ಟಿ ಸಿಮೆಂಟ್ ತುಂಬಿದರೆ ತೇವವೆಲ್ಲ ಇಟ್ಟಿಗೆಯ ಮೂಲಕವೇ ಹೊರಬರಬೇಕಾಗಿ, ಸಂದು ಉಳಿದು ಇಟ್ಟಿಗೆಯೇ ತಿಂದುಹೋಗುತ್ತದೆ.

ಮೊಳೆಯ ತೂತು, ಸಣ್ಣ ಬಿರುಕುಗಳಿಗೆ ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್. ಬಣ್ಣ ಬಳಿಯದೆ ಹಾಗೇ ಬಿಡುವ ಗೋಡೆಯಾದರೆ ಅದೇ ಇಟ್ಟಿಗೆಯ ಪುಡಿ ಬೆರೆಸಿದ ಗಾರೆ ತುಂಬಿ, ಎದ್ದು ಕಾಣುವುದಿಲ್ಲ.

5. ಒಣಗಲು ಬಿಡಿ

ಬರಿ ಒರೆಸಿದ ಗೋಡೆಗೆ ಬೇಸಿಗೆಯಲ್ಲಿ ಫ್ಯಾನ್ ಹಾಕಿ ಒಂದು ವಾರ. ಪಾಯಿಂಟಿಂಗ್ ಮಾಡಿದ್ದರೆ 28 ದಿನ. ಮುಗಿದ ಮೇಲೆ ಪಾಲಿಥೀನ್ ಪರೀಕ್ಷೆ ಇನ್ನೊಮ್ಮೆ.

6. ಪ್ರೈಮರ್

ಹೊಸ ಗಾರೆ ಬಲವಾದ ಕ್ಷಾರ. ಆದ್ದರಿಂದ ಕ್ಷಾರ ತಡೆಯುವ, ನೀರಿನ, ಅಕ್ರಿಲಿಕ್ ಪ್ರೈಮರ್ ಎಂದು ಕೇಳಿ ತನ್ನಿ. ಹೊರಗೋಡೆಗೆಂದು ಮಾರುವ ಪ್ರೈಮರ್ ಒಳಗೋಡೆಯ ಇಟ್ಟಿಗೆಗೂ ಒಳ್ಳೆಯದು. ನೀರು ಎಷ್ಟು ಬೆರೆಸಬೇಕೆಂದು ಡಬ್ಬಿಯ ಮೇಲೆ ಇರುತ್ತದೆ, ಅದಕ್ಕಿಂತ ಹೆಚ್ಚು ಬೇಡ. ಇಟ್ಟಿಗೆ ಜಾಸ್ತಿ ಕುಡಿಯುತ್ತದೆಂದು ಪೇಂಟರ್ ನೀರು ಸುರಿಯುವುದು ಇಲ್ಲಿಯೇ.

ಮೊದಲು 1 ಇಂಚಿನ ಬ್ರಷ್‌ನಿಂದ ಸಂದುಗಳನ್ನು ತುಂಬಿ, ಮೂರಡಿ ಚೌಕದಷ್ಟು. ಅದು ಆರುವ ಮೊದಲೇ ಆ ಚೌಕದ ಮೈಗೆ ರೋಲರ್. ಬಳಿಕ ಪಕ್ಕದ ಚೌಕ. ಆರಿದ ಮೇಲೆ ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದು ನೋಡಿ. ಸೂಜಿಮೊನೆಯಷ್ಟು ಕೆಂಪು ತೂತುಗಳು ನೂರಾರು ಕಾಣುತ್ತವೆ. ಅವನ್ನು ಈಗಲೇ ಬ್ರಷ್‌ನಿಂದ ಕುಕ್ಕಿ ಮುಚ್ಚಿ. “ಮೇಲಿನ ಕೋಟ್‌ನಲ್ಲಿ ಹೋಗುತ್ತದೆ” ಎಂಬುದು ಸುಳ್ಳು.

4ರಿಂದ 6 ಗಂಟೆಯ ನಂತರ ಟೇಪ್ ಒಂದನ್ನು ಗಟ್ಟಿಯಾಗಿ ಒತ್ತಿ ಸರಕ್ಕನೆ ಕೀಳಿ. ಪ್ರೈಮರ್ ಕೆಂಪು ಧೂಳಿನ ಸಮೇತ ಬಂದರೆ ಗೋಡೆ ಸರಿಯಾಗಿ ಚೊಕ್ಕಟವಾಗಿಲ್ಲ. ಕಂದು ಅಥವಾ ಹಳದಿ ನೆರಳು ಪ್ರೈಮರ್ ಮೂಲಕ ಇಣುಕುತ್ತಿದ್ದರೆ ಆ ಜಾಗಕ್ಕೆ ಮಾತ್ರ ಕಲೆ ತಡೆಯುವ ಪ್ರೈಮರ್ ಇನ್ನೊಂದು ಕೈ.

7. ಬಣ್ಣ

ಹೊಳಪಿಲ್ಲದ ಎಮಲ್ಷನ್ ಇಟ್ಟಿಗೆಯ ಏರುತಗ್ಗನ್ನು ಮರೆಮಾಡುತ್ತದೆ. ಅಡುಗೆಮನೆ, ಮಕ್ಕಳ ಕೋಣೆಗೆ ಸಣ್ಣ ಹೊಳಪಿನದು ಒರೆಸಲು ಅನುಕೂಲ. ಪ್ರೈಮರ್‌ನಂತೆಯೇ ಮೊದಲು ಸಂದು, ಆಮೇಲೆ ಮೈ. ಮೇಲಿನ ಮೂಲೆಯಿಂದ ಶುರು ಮಾಡಿದರೆ ಗೋಡೆಯ ಕೊನೆ ಮುಟ್ಟುವವರೆಗೆ ಊಟಕ್ಕೆ ಏಳಬೇಡಿ. ನಡುವೆ ನಿಲ್ಲಿಸಿದ ಜಾಗದಲ್ಲಿ ಗೆರೆ ಉಳಿಯುತ್ತದೆ. ಎರಡು ಕೋಟ್ ನಡುವೆ ಕನಿಷ್ಠ 4 ಗಂಟೆ. ಸ್ಪ್ರೇ ಯಂತ್ರ ತಂದರೂ ಹಿಂದೆಯೇ ಒಬ್ಬರು ರೋಲರ್ ಓಡಿಸಬೇಕು, ಇಲ್ಲದಿದ್ದರೆ ಬಣ್ಣ ರಂಧ್ರಗಳ ಬಾಯಿಗೆ ಮಾತ್ರ ಕೂರುತ್ತದೆ.

ಇಟ್ಟಿಗೆ ಕೆಂಪು ಬಳಿದು ಸಂದಿಗೆ ಬಿಳಿ ಗೆರೆ ಎಳೆಸುವುದು ನಮ್ಮಲ್ಲಿ ಹಳೆಯ ರೂಢಿ. ಪೂರ್ತಿ ಗೋಡೆಗೆ ಕೆಂಪು ಮುಗಿಸಿ, ಒಂದು ದಿನ ಬಿಟ್ಟು, ಸಂದಿನ ಅಗಲದ ಚಪ್ಪಟೆ ಬ್ರಷ್‌ನಿಂದ ಮೊದಲು ಅಡ್ಡಗೆರೆ, ಆಮೇಲೆ ಉದ್ದಗೆರೆ. ಅಚ್ಚ ಬಿಳಿಯ ಬದಲು ಬೂದು ಬಿಳಿ ತೆಗೆದುಕೊಳ್ಳಿ. ಅಚ್ಚ ಬಿಳಿಯಲ್ಲಿ ಮನೆ ರೈಲ್ವೆ ಕ್ವಾರ್ಟರ್ಸ್‌ನಂತೆ ಕಾಣುತ್ತದೆ, ಕೈ ನಡುಗಿದ ಜಾಗವೆಲ್ಲ ಎದ್ದು ತೋರುತ್ತದೆ.

ತೆಳುಬಣ್ಣ ಬೇಕಿದ್ದರೆ ಪ್ರೈಮರ್ ಹಾಕಬಾರದು. ಎಮಲ್ಷನ್‌ಗೆ ಅಷ್ಟೇ ನೀರು ಬೆರೆಸಿ. ನಾಲ್ಕೈದು ಇಟ್ಟಿಗೆಗೆ ನೀರು ಚಿಮುಕಿಸಿ, ಬಳಿದು, ಎರಡು ನಿಮಿಷದೊಳಗೆ ಹತ್ತಿ ಬಟ್ಟೆಯಿಂದ ಒರೆಸಿ. ಎಷ್ಟು ಒರೆಸುತ್ತೀರೋ ಅಷ್ಟು ಕೆಂಪು ಇಣುಕುತ್ತದೆ. ಬಾಗಿಲ ಹಿಂದೆ ಒಂದೆರಡು ಇಟ್ಟಿಗೆಗೆ ಮಾಡಿ, ಒಣಗಿದ ಮೇಲೆ ನೋಡಿ ನಿರ್ಧರಿಸಿ. ಒದ್ದೆ ಇದ್ದಾಗ ಕಾಣುವುದಕ್ಕಿಂತ ಆರಿದ ಮೇಲೆ ಬಹಳ ಬೆಳ್ಳಗಿರುತ್ತದೆ.

ಸುಣ್ಣ ಬಳಿಯುವುದಾದರೆ

ತೇವ ಪೂರ್ತಿ ನಿಲ್ಲದ ಗೋಡೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಸುಣ್ಣ ಪೊರೆ ಕಟ್ಟುವುದಿಲ್ಲ, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಇಟ್ಟಿಗೆಯ ಮೇಲೆ ತೆಳುವಾದ ಕಲ್ಲಾಗುತ್ತದೆ. ಹಾಗಾಗಿ ಆವಿಗೆ ದಾರಿ ತೆರೆದೇ ಇರುತ್ತದೆ.

1 ಕಿಲೋ ಸುಟ್ಟ ಸುಣ್ಣದ ಕಲ್ಲಿಗೆ 5 ಲೀಟರ್ ನೀರು. ಕಬ್ಬಿಣದ ಡ್ರಮ್ಮಿನಲ್ಲಿ ನೀರಿಗೆ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಕುದಿಯುತ್ತದೆ, ಮುಖ ದೂರವಿರಲಿ, ಕನ್ನಡಕ ಕಡ್ಡಾಯ. ಪ್ಲಾಸ್ಟಿಕ್ ಬಕೆಟ್ ಆ ಬಿಸಿಗೆ ಕರಗಬಹುದು. 24 ಗಂಟೆ ಬಿಟ್ಟು, ಕಲಕಿ, ಬಟ್ಟೆಯಲ್ಲಿ ಸೋಸಿ. ಬಿಸಿನೀರಿನಲ್ಲಿ ಕರಗಿಸಿದ ಗೋಂದು ಲೀಟರಿಗೆ 4 ಗ್ರಾಂನಷ್ಟು ಸೇರಿಸಿದರೆ ಕೈಗೆ ಹತ್ತುವುದು ಕಡಿಮೆ. ಸುಣ್ಣಕ್ಕೆ ಅಡುಗೆ ಉಪ್ಪು ಬೆರೆಸುವ ಪದ್ಧತಿಯೂ ಇದೆ. ಇಟ್ಟಿಗೆ ಗೋಡೆಗೆ ಮಾತ್ರ ಅದು ಬೇಡ, ತೆಗೆಯಲು ಇಷ್ಟೆಲ್ಲ ಪಾಡುಪಟ್ಟದ್ದನ್ನು ನಾವೇ ತುಂಬಿದಂತೆ.

ಗೋಡೆ ಒದ್ದೆ ಮಾಡಿ ಬಳಿಯಿರಿ, ಹಾಲಿನಷ್ಟು ತೆಳ್ಳಗೆ, ದಿನಕ್ಕೆ ಒಂದು ಕೋಟ್, ಒಟ್ಟು ಮೂರು. ಬಳಿದ ಕೂಡಲೇ ಏನೂ ಕಾಣುವುದಿಲ್ಲ, ಆರುತ್ತಾ ಬೆಳ್ಳಗಾಗುತ್ತದೆ. ಕಾಣಲಿಲ್ಲವೆಂದು ದಪ್ಪ ಬಳಿದರೆ ಬಿರುಕು ಬಿಟ್ಟು ಉದುರುತ್ತದೆ.

ಪಾರದರ್ಶಕ ಸೀಲರ್

ಎರಡು ಬಗೆ. ಸಿಲೇನ್-ಸಿಲಾಕ್ಸೇನ್ ಎಂಬುದು ರಂಧ್ರದ ಒಳಗೋಡೆಗೆ ಹಿಡಿದು ನೀರನ್ನು ತಳ್ಳುತ್ತದೆ, ಆವಿಯನ್ನು ಬಿಡುತ್ತದೆ. ಮಳೆ ಹೊಡೆಯುವ ಹೊರಮೈಗೆ ಇದು. ಕೆಳಗಿನಿಂದ ಮೇಲಕ್ಕೆ ನೆನೆಯುವಂತೆ ಬಳಿದು, ಮೊದಲನೆಯದು ಆರುವ ಮುನ್ನವೇ ಎರಡನೆಯದು. ಇನ್ನೊಂದು ಅಕ್ರಿಲಿಕ್ ಲೇಪ. ಧೂಳು ಕಟ್ಟಲು, ಒರೆಸಲು, ಒಳಗೋಡೆಗೆ. ಒದ್ದೆಯಾದಂತೆ ಮಿನುಗುವ ಥಿನ್ನರ್ ಆಧಾರದ ಲೇಪ ಅಂಗಡಿಯ ಮಾದರಿಯಲ್ಲಿ ಚೆಂದ, ಮನೆಯಲ್ಲಿ ಟ್ಯೂಬ್‌ಲೈಟ್ ಬಿದ್ದರೆ ಪ್ಲಾಸ್ಟಿಕ್ಕಿನಂತೆ. ಅದೂ ಅಲ್ಲದೆ ಉಪ್ಪು ಅದರ ಹಿಂದೆ ಸಿಕ್ಕಿಕೊಂಡರೆ ಬ್ರಷ್‌ಗೂ ಸಿಗುವುದಿಲ್ಲ. ಒಂದು ಮಳೆಗಾಲ ಬಿಳಿಪುಡಿ ಕಾಣದೆ ಕಳೆದ ಗೋಡೆಗಷ್ಟೇ ಸೀಲರ್ ಹಾಕಿ.

ಉದುರಿದ ಹಕ್ಕಳೆಯನ್ನು ತಿರುವಿ ನೋಡಿ

ಈಗಾಗಲೇ ಬಣ್ಣ ಕೆಟ್ಟಿದ್ದರೆ ಕಾರಣ ಆ ಚೂರಿನ ಬೆನ್ನಲ್ಲೇ ಬರೆದಿರುತ್ತದೆ. ಬೆನ್ನಿಗೆ ಕೆಂಪು ಪುಡಿ ಅಂಟಿದ್ದರೆ ಧೂಳಿನ ಮೇಲೆ ಬಳಿದದ್ದು, ಇಲ್ಲವೇ ಸರಿಯಾಗಿ ಬೇಯದ ಮೆತ್ತನೆ ಇಟ್ಟಿಗೆ. ಬಿಳಿ ಹರಳು ಇದ್ದರೆ ಉಪ್ಪು. ಬೆನ್ನು ಚೊಕ್ಕಟವಾಗಿ, ನುಣುಪಾಗಿ ಇದ್ದರೆ ಕೆಳಗೆ ಹಳೇ ಸೀಲರ್ ಅಥವಾ ಎಣ್ಣೆಜಿಡ್ಡು. ಬೆನ್ನಿನಲ್ಲಿ ಪ್ರೈಮರ್ ಇಲ್ಲ, ಅದು ಗೋಡೆಯಲ್ಲೇ ಉಳಿದಿದೆ ಎಂದರೆ ಪ್ರೈಮರ್ ಆರುವ ಮೊದಲು ಅಥವಾ ಅದರ ಮೇಲೆ ಧೂಳು ಕೂತ ಮೇಲೆ ಬಣ್ಣ ಬಳಿದಿದ್ದಾರೆ. ಗುಳ್ಳೆ ಒಡೆದಾಗ ನೀರು ಬಂದರೆ ಪರೀಕ್ಷೆಯೇ ಬೇಕಿಲ್ಲ. ಇಟ್ಟಿಗೆಯ ಪದರವೇ ಬಣ್ಣದ ಜೊತೆ ಕಳಚಿ ಬರುತ್ತಿದ್ದರೆ ಕೆಲಸ ನಿಲ್ಲಿಸಿ, ಪೂರ್ತಿ ಬಣ್ಣ ತೆಗೆಸಿ, ಒಂದು ಬೇಸಿಗೆ ಆರಿಸಿ, ಸುಣ್ಣಕ್ಕೆ ಹೋಗಿ.

ಎಲ್ಲ ಸರಿಯಾಗಿ ಮಾಡಿದ ಗೋಡೆಯಲ್ಲೂ ಮೊದಲ ಮಳೆಗಾಲದ ನಂತರ ಅಲ್ಲಲ್ಲಿ ಚೂರು ಬಿಳಿಪುಡಿ ಕಾಣಬಹುದು. ಒಣ ಬ್ರಷ್‌ನಿಂದ ಉದುರಿಸಿ ಬಿಡಿ. ಮೇಲೆ ಬಣ್ಣ ಸವರಿ ಮುಚ್ಚಬೇಡಿ. ಉಳಿದ ಬಣ್ಣವನ್ನು ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟುಕೊಂಡು, ಮುಂದಿನ ಫೆಬ್ರವರಿಯಲ್ಲಿ ಗೋಡೆ ಗರಿಗರಿಯಾಗಿ ಒಣಗಿದಾಗ ಆ ಜಾಗಕ್ಕೆ ಮಾತ್ರ ಪ್ರೈಮರ್ ಮತ್ತು ಬಣ್ಣ ಹಚ್ಚಿ.